ಬದರಿ ಅಲ್ಲ, ಫುಲಾರಾ

ಬಸವನಗುಡಿ,
ಸೆಪ್ಟೆಂಬರ್ ೧೫, ಸೋಮವಾರ

ಪ್ರೀತಿಯ ಧೃತಿ,

ಹೇಗಿದೀಯ ಕಂದ? ಕೆಮ್ಮು ಹೋಯ್ತಾ? ಅಲ್ಲಿ ಮಳೆ ನಿಂತಿದೆಯೋ ಇಲ್ಲವೋ ಅಂತ ದಿನಾ ಟೀವಿ ಹಾಕ್ಕೊಂಡು ಕೂರ್ತೀನಿ. ಇಲ್ಲಿ ನಾವು ಚೆನ್ನಾಗಿದೀವಿ. ನನಗೆ ಮಾತ್ರ ಕೂತಲ್ಲಿ ಕೂರೋಕಾಗ್ತಿಲ್ಲ. ಒಲೆ ಮೇಲೆ ಸಾರಿಟ್ಟು ಬಾಲ್ಕನಿಗೆ ಹೋಗ್ತೀನಿ, ಯಾಕೆ ಬಂದೆ ಅನ್ನೋದೇ ಮರೆತು ವಾಪಸ್ ಬರ್ತೀನಿ. ಫೋನ್‌ನಲ್ಲಿ ಮಾತಾಡೋಣ ಅಂದರೆ, ನಿನ್ನ ಹೆಸರು ಕಿವಿಗೆ ಬಿದ್ದ ಕೂಡಲೇ ನಿಮ್ಮಪ್ಪ ಪೇಪರ್ ಮಡಚಿ ಎದ್ದು ಹೋಗ್ತಾರೆ. ನೀನು ಬ್ಯಾಂಕ್ ಕೆಲಸ ಬಿಟ್ಟು ಟ್ರೆಕ್ ಲೀಡರ್ ಆದಾಗಿನಿಂದ ಇದೇ ಕಥೆ, ನಿನಗೆ ಗೊತ್ತಲ್ಲ. ಅದಕ್ಕೇ ಬರೀತಿದೀನಿ. ನಿನ್ನ ಗೆಳತಿ ರಂಜಿನಿ ನಾಳೆ ಬೆಟ್ಟದ ಬುಡದ ನಿಮ್ಮ ಸಾಂಕ್ರಿ ಊರಿಗೆ ಹೊರಟಿದಾಳೆ, ಅವಳ ಕೈಲಿ ಕೊಟ್ಟು ಕಳಿಸ್ತೀನಿ.

ಅಕ್ಟೋಬರ್‌ನಲ್ಲಿ ನೀನು ಕರ್ಕೊಂಡು ಹೋಗೋ ಗುಂಪಲ್ಲಿ ನಾನೂ ಬರ್ತೀನಿ. ಕೇದಾರಕಂಠ ಬೆಟ್ಟ ಬೇಡ. ಅಲ್ಲಿ ಹಬ್ಬದ ಹಿಂದಿನ ದಿನದ ಗಾಂಧಿ ಬಜಾರ್ ಥರ ಜನ ಅಂತ ನೀನೇ ಹೇಳಿದ್ದೆ. ಎರಡೂ ಕಡೆ ಕಣಿವೆ, ನಡುವೆ ಬೆಟ್ಟದ ಬೆನ್ನ ಮೇಲೇ ದಾರಿ, ಎದುರಿಗೆ ಹಿಮ, ಜನ ಕಡಿಮೆ ಅಂದೆಯಲ್ಲ, ಆ ಫುಲಾರಾ ರಿಡ್ಜ್ ಸಾಕು. ತುಂಬಾ ಕಷ್ಟವೂ ಅಲ್ಲ, ಸುಲಭವೂ ಅಲ್ಲವಂತೆ. ಇಷ್ಟು ವರ್ಷ ಹೈಸ್ಕೂಲ್ ಹುಡುಗರಿಗೆ ಲೆಕ್ಕ ಹೇಳಿಕೊಟ್ಟವಳಿಗೆ ಅದು ಸರಿಹೋಗುತ್ತೆ. ದಿನಾ ಬೆಳಿಗ್ಗೆ ಬ್ಯೂಗಲ್ ರಾಕ್ ಬಂಡೆ ಹತ್ತಿ ಇಳೀತಿದೀನಿ. ಬೆನ್ನಿಗೆ ನಿನ್ನ ಹಳೇ ಕಾಲೇಜ್ ಬ್ಯಾಗ್, ಒಳಗೆ ಅಕ್ಕಿ. ಡಾಕ್ಟರ್ ಮಂಡಿ, ಬಿಪಿ ಎಲ್ಲಾ ನೋಡಿ ಧಾರಾಳವಾಗಿ ಹೋಗಿಬನ್ನಿ ಅಂದರು. ಚಳಿಗೆ ಹೊದೆಯೋಕೆ ಅಲ್ಲೇ ಕೊಡ್ತೀರಾ? ಬಾತ್‌ರೂಮಿಗೆ ಏನು ಮಾಡ್ತೀರಿ? ನಾಚಿಕೆ ಬಿಟ್ಟು ತಿಳಿಸು.

ನಿಮ್ಮಪ್ಪನಿಗೆ ಬದರಿ ಯಾತ್ರೆ ಅಂದಿದ್ದೆ. ದೇವರ ಹೆಸರು ಹಿಡಿದು ಹೇಳಿದ ಸುಳ್ಳು, ದೀಪ ಹಚ್ಚೋವಾಗೆಲ್ಲ ನೆನಪಾಗ್ತಿತ್ತು. ನಿನ್ನೆ ಎದುರುಮನೆ ಚಂದ್ರಶೇಖರಯ್ಯನವರು ಗೇಟ್ ಹತ್ತಿರ ನಿಂತು, ಮೇಡಂ ಈ ವಯಸ್ಸಲ್ಲಿ ಬ್ಯಾಗ್ ಹೊತ್ಕೊಂಡು ಬಂಡೆ ಹತ್ತುತ್ತಾರಲ್ಲ ಅಂತ ಇವರ ಹತ್ತಿರ ಹೊಗಳಿಬಿಟ್ಟರು. ನಿಮ್ಮಪ್ಪ ಒಳಗೆ ಬಂದು ಕೇಳಿದರು, ಎಲ್ಲಾ ಹೇಳಿಬಿಟ್ಟೆ. ಕೂಗಾಡ್ತಾರೆ ಅಂದ್ಕೊಂಡಿದ್ದೆ, ಕೂಗಲಿಲ್ಲ. "ಬಿದ್ದರೆ ಯಾರು ಹಿಡ್ಕೋತಾರೆ?" ಅಂದರು. "ಯಾರ್ಯಾರನ್ನೋ ಕೈ ಹಿಡಿದು ಇಳಿಸ್ತಾಳೆ ನಿಮ್ಮ ಮಗಳು, ನನ್ನ ಬಿಡ್ತಾಳಾ?" ಅಂದೆ. ಇವತ್ತು ಕಾಫಿನೂ ಕುಡೀದೆ ಹೊರಗೆ ಹೋದವರು ಇನ್ನೂ ಬಂದಿಲ್ಲ, ಫೋನ್ ಮನೇಲೇ ಬಿಟ್ಟಿದಾರೆ. ಬರೀತಾ ಬರೀತಾ ನನ್ನ ಕಿವಿ ಗೇಟ್ ಕಡೆಗೇ ಇದೆ. ಇನ್ನು ಬರೆಯೋಕಾಗಲ್ಲ, ಬೀದಿ ಕೊನೇವರೆಗೆ ಹೋಗಿ ನೋಡ್ಕೊಂಡು ಬರ್ತೀನಿ.

ಎಲ್ಲರನ್ನೂ ಉಣ್ಣಿಸಿ ನೀನು ಹಸ್ಕೊಂಡಿರಬೇಡ. ನಿನ್ನ ಕಾಲಿಗೆ, ಕೈಗೆ, ಆ ಬೆಟ್ಟದಲ್ಲಿ ಏನೂ ಆಗದಿರಲಿ.

ನಿನ್ನ ಅಮ್ಮ,
ಆಂಡಾಳ್

ಮರೆತಿದ್ದೆ ಅಂದ್ಕೋಬೇಡ, ಈಗಷ್ಟೇ ನಡೆದದ್ದು. ನಿಮ್ಮಪ್ಪ ಬಂದರು. ತಮ್ಮ ಎದೆಗೆ ಸ್ಟೆಂಟ್ ಹಾಕಿದ ಡಾಕ್ಟರ್ ಹತ್ತಿರ, ತಾವೂ ಬರಬಹುದಾ ಅಂತ ಕೇಳೋಕೆ ಹೋಗಿದ್ದರಂತೆ. ಬೆಟ್ಟ ಹತ್ತೋದು ಬೇಡವೇ ಬೇಡ, ಕೆಳಗಿನ ಊರಿನವರೆಗೆ ಹೋಗಿ ಇರಬಹುದು ಅಂದರಂತೆ. "ಸಾಂಕ್ರೀಲಿ ಒಂದು ರೂಮ್ ಸಿಗುತ್ತಾ ಕೇಳು ಅವಳನ್ನ" ಅಂದರು. ನಾನು ಕೇಳಲ್ಲ, ನೀವೇ ಕೇಳಿ ಅಂದೆ. ಒಳಗಿಂದ ಫೋನ್ ತಂದು, ಅದಕ್ಕೆ ನಿನ್ನ ನಂಬರ್ ಹಾಕಿಸ್ಕೊಂಡರು. ಭಾನುವಾರ ಮಾಡ್ತಾರಂತೆ. ಏನು ಹೇಳ್ತೀಯೋ ನಿನಗೆ ಬಿಟ್ಟದ್ದು. ಫೋನ್ ಮಾತ್ರ ಎತ್ತು.