ಓದಲಾಗಿದೆ ಎಂದು ಭಾವಿಸತಕ್ಕದ್ದು

ಮಾನ್ಯ ಮಸೂದೆ ಕರಡುಗಾರರೇ,

ರಾಷ್ಟ್ರೀಯ ಬಾನುಲಿಯನ್ನು ನಿಗಮವಾಗಿಸಿದ ನಿಮ್ಮ ಪರಿವರ್ತನಾ ಕಾಯ್ದೆಯ ಹದಿನಾಲ್ಕನೆಯ ಕಲಮು ಒಬ್ಬ ಹೆಂಗಸಿನ ಗಂಡನನ್ನು ಸಾಯಲು ಬಿಡುತ್ತಿಲ್ಲ.

"ಹಳೆಯ ಇಲಾಖೆ ಸ್ವೀಕರಿಸಿದ ಸಂದೇಶಗಳೆಲ್ಲವನ್ನೂ ಓದಲಾಗಿದೆ ಎಂದು ಭಾವಿಸತಕ್ಕದ್ದು." ವಾಕ್ಯ ಚೊಕ್ಕವಾಗಿದೆ. ಗೋಪುರ, ಕುರ್ಚಿ, ನೌಕರರ ಉಳಿದ ರಜೆ ಎಲ್ಲವನ್ನೂ ನಿಗಮಕ್ಕೆ ದಾಟಿಸಿದಿರಿ. ಸಂದೇಶಗಳನ್ನು ಮಾತ್ರ ದಡದಲ್ಲೇ ಬಿಟ್ಟಿರಿ. ಓದದೆ ಉಳಿದವು ನಲವತ್ತೊಂದು. ಹತ್ತೊಂಬತ್ತು ವರ್ಷ ಹೊರದ್ವೀಪಗಳ ಮನೆಗಳಿಗೆ ಬಂದ ಸಂದೇಶಗಳನ್ನು ಸಂಜೆ ಬಾನುಲಿಯಲ್ಲಿ ಓದಿದವನು ನಾನು.

ಇಲಾಖೆಯ ಕೊನೆಯ ಶುಕ್ರವಾರ, ಓದು ಮುಗಿದ ಮೇಲೆ ಒಂದು ಚೀಟಿ ಬಂತು: ರಾಜಧಾನಿಯ ಆಸ್ಪತ್ರೆಯಲ್ಲಿ ಬೌತು ತೀರಿಕೊಂಡ; ದಕ್ಷಿಣದ ದ್ವೀಪದಲ್ಲಿರುವ ಅವನ ಹೆಂಡತಿ ತೆಕಾರುವಾಗೆ ತಿಳಿಸಬೇಕು. ನನ್ನ ಕೆಲಸವೂ ಅಂದಿಗೇ ಮುಗಿದಿತ್ತು; ಸೋಮವಾರ ನಿಗಮದ ಹೊಸಬರು ಓದುತ್ತಾರೆಂದು ತಟ್ಟೆಯಲ್ಲಿಟ್ಟು ಹೊರಟೆ. ಪ್ರಸಾರಯಂತ್ರ ಇನ್ನೂ ಬೆಚ್ಚಗಿತ್ತು.

ಹಡಗಿನವರು ಸುದ್ದಿ ಮುಟ್ಟಿಸಿದರು, ನಿಜ. ಆದರೆ ಹಿಂದೊಮ್ಮೆ ಹಡಗಿನವರ ಮಾತು ನಂಬಿ ಇದೇ ಬೌತುವಿಗಾಗಿ ಮೂರು ದಿನ ಅತ್ತ ದ್ವೀಪ ಅದು. ನಾಲ್ಕನೆಯ ದಿನ ಅವನೇ ದೋಣಿಯಿಂದಿಳಿದು, "ನನ್ನ ಸಾವಿನೂಟದಲ್ಲಿ ನನಗೇ ಮೀನಿಲ್ವೇನ್ರೋ?" ಎಂದಿದ್ದ. ಅಂದಿನಿಂದ ಅಲ್ಲಿ, ಬಾನುಲಿ ಮೂರು ಸಂಜೆ ಹೆಸರು ಓದುವವರೆಗೆ ಯಾರೂ ಸತ್ತಂತಲ್ಲ.

ಕಳೆದ ತಿಂಗಳು ನಾನೇ ಹೋದೆ. ತೆಕಾರುವಾ ಚಾಪೆ ಹಾಸಿದಳು. ಒಂದು ಚಿಪ್ಪು ತೆಂಗಿನ ನೀರಾ ನನಗೆ ಕೊಟ್ಟಳು. ಇನ್ನೊಂದನ್ನು ಗಂಡನಿಗೆಂದು ಎಲೆ ಮುಚ್ಚಿ ಪಕ್ಕಕ್ಕಿಟ್ಟಳು.

"ಅಕ್ಕಾ, ಬೌತು ಹೋಗ್ಬಿಟ್ಟ."

"ಯಾರು ಹೇಳಿದ್ದು? ಹಡಗಿನ ಸುಳ್ಳರಾ?"

"ಚೀಟಿ ನನ್ನ ಕೈಗೇ ಬಂತು."

"ರೇಡಿಯೋದಲ್ಲಿ ಓದಿದ್ಯಾ?"

"ಇಲ್ಲ."

"ಮತ್ತೆ!" ಎಂದು ನಕ್ಕಳು. "ದಿನಾ ಸಂಜೆ ಕಿವಿ ಕೊಟ್ಟು ಕೂತಿರ್ತೀನಪ್ಪಾ. ನಿನ್ನ ದನೀನೇ ಇಲ್ಲ. ನಿಂಗೇ ಏನೋ ಆಯ್ತು ಅಂದ್ಕೊಂಡಿದ್ದೆ."

ನಾನು ಇದ್ದೇನೆಂದು ತೋರಿಸಲು ಅವಳೆದುರೇ ನನ್ನ ಚಿಪ್ಪಿನ ನೀರಾ ಕುಡಿದು ಮುಗಿಸಿದೆ.

ನಿಗಮದ ಕಚೇರಿಯಲ್ಲಿ ಕೇಳಿದರೆ, ಓದಿಯಾಗಿರುವುದನ್ನು ಮತ್ತೆ ಓದಲು ಕಾನೂನಿನಲ್ಲಿ ಅವಕಾಶವಿಲ್ಲವಂತೆ. ಮಾನ್ಯರೇ, ನೀವು ಕೂತಲ್ಲೇ ಏನನ್ನಾದರೂ ಭಾವಿಸಬಲ್ಲಿರಿ. ಒಬ್ಬ ಹೆಂಗಸು ಯಾವ ಕಲಮಿನಡಿ ತನ್ನನ್ನು ವಿಧವೆಯೆಂದು ಭಾವಿಸಿಕೊಳ್ಳಬೇಕು? ಸಂಜೆ ಆರಾದರೆ ನನ್ನ ತುಟಿ ಈಗಲೂ ತಾನಾಗಿ ಅಲುಗುತ್ತದೆ. ಇದು ಯಾವ ಕಲಮಿಗೆ ಬರುತ್ತದೆ?

ತಿದ್ದುಪಡಿ ಮುಂದಿನ ವಾರ ಸದನಕ್ಕೆ ಬರಲಿದೆ. ಹದಿನಾಲ್ಕನೆಯ ಕಲಮನ್ನು ಕಿತ್ತುಹಾಕಿ. ನಲವತ್ತೊಂದನ್ನೂ ಮೂರು ಸಂಜೆ ಓದಿಸಿ, ಬೌತುವಿನಿಂದ ಶುರುಮಾಡಿ. ಹೊಸ ದನಿಯೇ ಓದಲಿ, ನನ್ನದು ಬೇಕಿಲ್ಲ. ನಿಧಾನವಾಗಿ ಓದಲು ಹೇಳಿ. ಆ ಹೊತ್ತಿಗೆ ಅವಳು ಮುಚ್ಚಿಟ್ಟ ಚಿಪ್ಪಿನ ಪಕ್ಕ ಕೂತಿರುತ್ತಾಳೆ.

ಇಂತಿ,
ನಿಮ್ಮ ಕಾಯ್ದೆಯ ಪ್ರಕಾರ ಎಲ್ಲವನ್ನೂ ಓದಿ ಮುಗಿಸಿದವನು