ಸರೋವರ ಬತ್ತಿದ್ದ ಕಾಲ

ಮಾರ್ಚ್ ೧೪, ಭಾನುವಾರ ಮಧ್ಯಾಹ್ನ

ಪ್ರೀತಿಯ ಗುಬ್ಬಿಗೆ,

ನಿನ್ನ ಕಾಗದ ಬಂದು ಎಷ್ಟೋ ದಿನವಾಯಿತು. ಹೊಸ ಕೋಣೆ, ಪಕ್ಕದ ಮಂಚದವಳ ಗೊರಕೆ, ಆಸ್ಪತ್ರೆಯಲ್ಲಿ ಒಬ್ಬ ಮುದುಕರನ್ನು ಮೊದಲ ಸಲ ನೀನೊಬ್ಬಳೇ ಕೈಹಿಡಿದು ನಡೆಸಿದ್ದು, ಎಲ್ಲವನ್ನೂ ಓದಿ ಖುಷಿಪಟ್ಟೆ. ಉತ್ತರ ಬರೆಯಲಿಲ್ಲವೆಂದು ಮುಖ ಊದಿಸಿಕೊಂಡಿರುತ್ತೀಯ, ಬೇಜಾರು ಮಾಡಿಕೊಳ್ಳಬೇಡ. ನೀನು ಫೋನ್ ಮಾಡಿದಾಗಲೆಲ್ಲ ‘ಎಲ್ಲ ಚೆನ್ನಾಗಿದೆ ಕಣೇ’ ಎಂದು ಇಟ್ಟುಬಿಟ್ಟೆ. ಫೋನಿನಲ್ಲಿ ಹೇಳಲು ಹೊರಟರೆ ನೀನು ನಡುವೆ ಬಾಯಿ ಹಾಕುತ್ತೀಯ, ನನ್ನ ಮಾತು ಅರ್ಧಕ್ಕೇ ನಿಲ್ಲುತ್ತದೆ. ಕಾಗದವಾದರೆ ಕೊನೆಯವರೆಗೂ ಬಾಯಿ ಮುಚ್ಚಿಕೊಂಡು ಕೇಳಲೇಬೇಕು.

ನನ್ನ ಆರೋಗ್ಯಕ್ಕೇನೂ ಆಗಿಲ್ಲ. ಮಂಡಿ ಮಾತ್ರ ಮೆಟ್ಟಿಲು ಕಂಡರೆ ಮುನಿಯುತ್ತದೆ. ಸ್ನಾನದ ಮನೆಯ ನಲ್ಲಿ ಮತ್ತೆ ಸೋರುತ್ತಿದೆ. ಕೊಳಾಯಿ ರಿಪೇರಿಯವನು ‘ನಾಳೆ ಬರ್ತೀನಿ ಮೇಡಂ’ ಎನ್ನುವುದನ್ನು ಬಿಟ್ಟು ಬೇರೆ ಮಾತು ಕಲಿತ ಹಾಗಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಮೇಷ್ಟ್ರಜ್ಜನ ವಿಷಯ.

ನನಗೆ ಈ ಕೆಲಸ ಕಲಿಸಿದ ಅವರೂ ನಾನೂ ಸೇರಿ ಸರೋವರದ ತಳಕ್ಕೆ ಕೊಳವೆ ಇಳಿಸಿ ತೆಗೆದ ಮಣ್ಣಿನ ಕಂಬಗಳು ನಿನಗೆ ಗೊತ್ತು. ಚಿಕ್ಕವಳಿದ್ದಾಗ ಪ್ರಯೋಗಾಲಯದ ತಣ್ಣನೆಯ ಕೋಣೆಗೆ ಬಂದು ‘ಇದು ಚಾಕೊಲೇಟಾ?’ ಎಂದು ಬೆರಳು ಹಾಕಲು ಹೋಗಿದ್ದೆ. ವರ್ಷವರ್ಷವೂ ನೀರಿನಡಿ ತೆಳ್ಳಗೆ ಕೂತ ಕೆಸರು ಅದು. ಚೆನ್ನಾಗಿ ಮಳೆಯಾದ ವರ್ಷಕ್ಕೆ ಒಂದು ಬಣ್ಣ, ಮಳೆ ಕಡಿಮೆಯಾದ ವರ್ಷಕ್ಕೆ ಇನ್ನೊಂದು. ಅದರೊಳಗಿನ ಕಣ್ಣಿಗೆ ಕಾಣದ ಚಿಪ್ಪುಗಳನ್ನು ಪರೀಕ್ಷಿಸಿದರೆ ಆಗ ನೀರು ಎಷ್ಟು ಬೆಚ್ಚಗಿತ್ತು ಎಂಬುದೂ ತಿಳಿಯುತ್ತದೆ. ಇಷ್ಟು ವರ್ಷ ನಾನು ಮಾಡಿದ್ದೆಲ್ಲ ಈ ಕೆಲಸವೇ. ಯಾವ ಕಾಲದಲ್ಲಿ ಎಷ್ಟು ಸೆಕೆ, ಎಷ್ಟು ಮಳೆ ಎಂದು ಕೆಸರನ್ನು ಕೇಳುತ್ತಾ ಕೂರುವುದು.

ಕಂಬದ ಕೆಳತುದಿಯ ಹತ್ತಿರ ಬಿಳಿಚಿಕೊಂಡ ಒಂದು ಪದರ ಸಿಕ್ಕಿತು. ಒಣಗಿ ಬಿರುಕು ಬಿಟ್ಟ ಮಣ್ಣು. ನೀರಿನ ಜೀವಿಗಳ ಚಿಪ್ಪು ಒಂದೂ ಇಲ್ಲ, ಬದಲಿಗೆ ಹುಲ್ಲಿನ ಬೀಜ. ಸುಮಾರು ಆರುನೂರು ವರ್ಷದ ಹಿಂದೆ ಆ ಸರೋವರ ಪೂರ್ತಿ ಬತ್ತಿ, ಒಂದಿಡೀ ತಲೆಮಾರು ಹಾಗೆಯೇ ಒಣಗಿ ಬಿದ್ದಿತ್ತು. ಆಗ ಹುಟ್ಟಿದ ಮಕ್ಕಳು ಅಲ್ಲಿ ನೀರಿತ್ತು ಎಂದರೆ ನಂಬುತ್ತಿರಲಿಲ್ಲವೇನೋ. ಪದರದ ಮೇಲೆ ಕೆಳಗೆ ಸಿಕ್ಕ ಚಿಪ್ಪುಗಳು ಹೇಳಿದ್ದು ನನ್ನನ್ನು ಇನ್ನೂ ಹೆದರಿಸಿತು. ಆಗ ಈಗಿನಷ್ಟು ಸೆಕೆಯೇ ಇರಲಿಲ್ಲ. ತಂಪು ಕಾಲದಲ್ಲೇ ಮಳೆ ಹಾಗೆ ಕೈಕೊಟ್ಟಿದ್ದರೆ, ಈಗಿನ ಬಿಸಿಲಿಗೆ ಏನು ಗತಿ?

ಇದನ್ನು ಈಗ ಯಾಕೆ ಕೆದಕಿದೆವೆಂದರೆ, ಸರೋವರದ ಆಚೆ ದಡದಲ್ಲಿ ಒಂದು ಹೊಸ ಊರನ್ನೇ ಕಟ್ಟಲು ಹೊರಟಿದ್ದಾರೆ. ಸಾವಿರಾರು ಮನೆ, ಎಲ್ಲದಕ್ಕೂ ಈ ನೀರೇ. ಸರೋವರವನ್ನು ನಂಬಬಹುದೇ ಎಂದು ನಮ್ಮ ಸಂಸ್ಥೆಯನ್ನು ಕೇಳಿದರು. ಬಿಳಿ ಪದರದ ವಿಷಯವನ್ನು ನಾನೇ ಬರೆದು ಕರಡನ್ನು ಮೇಷ್ಟ್ರ ಕೈಗೆ ಕೊಟ್ಟೆ. ‘ಭಾಷೆ ಒಂಚೂರು ತಿದ್ದಿ ಕಳಿಸ್ತೀನಿ’ ಎಂದರು. ಮತ್ತೆ ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ನಿನ್ನ ಅಪ್ಪ ಆಸ್ಪತ್ರೆಯಲ್ಲಿದ್ದಾಗ ಹೊರಗಿನ ಬೆಂಚಿನ ಮೇಲೆ ನನ್ನ ಪಕ್ಕ ಕೂತಿದ್ದವರು ಅವರು. ಅಂಥವರ ಹಿಂದೆ ನಿಂತು ತಿದ್ದಿದ್ದೇನು ಎಂದು ಇಣುಕುತ್ತೇವೆಯೇ?

ಕಳೆದ ತಿಂಗಳು ಪುರಭವನದಲ್ಲಿ ಸಾರ್ವಜನಿಕರ ಸಭೆ ನಡೆಯಿತು. ಗೋಡೆಯ ಮೇಲೆ ಇಷ್ಟು ಶತಮಾನಗಳ ಮಳೆಯ ಏರಿಳಿತ ತೋರಿಸುವ ನಮ್ಮ ಗೆರೆ ಮೂಡಿತು, ಕೆಳಗೆ ಇಬ್ಬರ ಹೆಸರೂ ಇತ್ತು. ಗೆರೆ ನೋಡಿದ ಕೂಡಲೇ ಏನೋ ಮೋಟಾಗಿದೆ ಅನ್ನಿಸಿತು. ಎಡತುದಿ ಇರಲಿಲ್ಲ. ಬಿಳಿ ಪದರ ಮುಗಿದು ನೀರು ಮರಳಿ ತುಂಬಿದ ಕಾಲದಿಂದಲೇ ಗೆರೆ ಶುರುವಾಗಿತ್ತು. ಅಲ್ಲಿಂದ ಇಲ್ಲಿಯವರೆಗೆ ನೋಡಿದರೆ ಆ ಸರೋವರದಷ್ಟು ನಂಬಿಕಸ್ಥ ಸರೋವರ ಲೋಕದಲ್ಲಿಲ್ಲ.

ಶಾಲೆಯ ಟೀಚರೊಬ್ಬರು ಎದ್ದು, “ಇದು ಯಾವತ್ತಾದ್ರೂ ಪೂರ್ತಿ ಬತ್ತಿದ್ದುಂಟಾ ಸರ್?” ಎಂದು ಕೇಳಿದರು.

“ಈ ದಾಖಲೆ ಇರೋ ಕಾಲದಲ್ಲಿ ಇಲ್ಲಮ್ಮ” ಎಂದರು ಮೇಷ್ಟ್ರು.

ನೋಡು, ಆ ಮಾತಿನಲ್ಲಿ ಒಂದಕ್ಷರವೂ ಸುಳ್ಳಿಲ್ಲ. ದಾಖಲೆಯನ್ನು ಮೊದಲೇ ಕತ್ತರಿಸಿಟ್ಟಿದ್ದರಲ್ಲ.

ನಾನು ಎದ್ದು ನಿಂತೆ. “ಸರ್, ದಾಖಲೆ ಇನ್ನೂ ಕೆಳಗೆ ಹೋಗುತ್ತೆ. ಸರೋವರ ಬತ್ತಿತ್ತು. ಬಹಳ ವರ್ಷ ಬತ್ತಿತ್ತು” ಎಂದೆ.

ಸಭೆ ನಡೆಸುತ್ತಿದ್ದ ಅಧಿಕಾರಿ ಇಬ್ಬರ ಮುಖವನ್ನೂ ನೋಡಿದರು. ಮೇಷ್ಟ್ರು ಸಿಟ್ಟಾಗಲಿಲ್ಲ. ನಿನಗೆ ಗಣಿತ ಹೇಳಿಕೊಡುವಾಗಿನ ಅದೇ ದನಿಯಲ್ಲಿ, “ಇವರು ನನ್ನ ಮಗಳ ಹಾಗೆ. ಮನೇಲಿ ದೊಡ್ಡ ಸಾವಾಗಿದೆ, ಇನ್ನೂ ಸುಧಾರಿಸ್ಕೊಂಡಿಲ್ಲ. ಈ ವಿಷಯ ನಾವು ನಾವೇ ಮಾತಾಡ್ಕೋತೀವಿ” ಎಂದರು. ಇಡೀ ಸಭೆ ನನ್ನತ್ತ ‘ಅಯ್ಯೋ ಪಾಪ’ ಎಂದು ನೋಡಿತು. ಪಕ್ಕದಲ್ಲಿದ್ದ ಹೆಂಗಸು ನೀರಿನ ಬಾಟಲಿ ಚಾಚಿದಳು. ವಾದ ಮಾಡಿದ್ದರೆ ಉತ್ತರ ಕೊಡುತ್ತಿದ್ದೆ. ಕನಿಕರಕ್ಕೆ ಏನೆಂದು ಉತ್ತರ ಕೊಡಲಿ? ಕೂತುಬಿಟ್ಟೆ.

ಮರುದಿನ ಅವರ ಕೋಣೆಗೆ ಹೋದೆ.

“ಯಾಕೆ ಸರ್?”

“ಮೊದಲು ಕೂತ್ಕೋ.”

“ಬೇಡ, ಹೇಳಿ.”

“ಆ ಪದರದ ಕಾಲ ಇಪ್ಪತ್ತು ಮೂವತ್ತು ವರ್ಷ ಆಚೀಚೆ ಆಗಬಹುದು. ಅನುಮಾನ ಇರೋದನ್ನ ಬಿಟ್ಟೆ, ಅಷ್ಟೆ.”

“ಅನುಮಾನ ಇರೋದು ಯಾವಾಗ ಬತ್ತಿತು ಅನ್ನೋದಕ್ಕೆ. ಬತ್ತಿದ್ದಕ್ಕೆ ಅಲ್ವಲ್ಲ.”

ಕನ್ನಡಕ ತೆಗೆದು ಒರೆಸಿದರು. “ನೋಡಮ್ಮ, ಇಂಥ ವರದಿ ಕೊಟ್ರೆ ಇನ್ನು ನಮ್ಮನ್ನ ಯಾರೂ ಕೇಳೋಕೆ ಬರಲ್ಲ. ಹೊಸ ಪ್ರಯೋಗಾಲಯಕ್ಕೆ ಒಪ್ಪಿಗೆ ಸಿಗೋ ಹೊತ್ತು. ನನ್ನ ನಂತರ ಅದು ನಿಂದೇ ಅಲ್ವಾ?”

“ನನ್ನ ಹೆಸರು ಹಾಕೋಕೆ ಮುಂಚೆ ಒಂದು ಮಾತು ಕೇಳಬಹುದಿತ್ತು.”

“ಕೇಳಿದ್ರೆ ನೀನು ಒಪ್ತಿರಲಿಲ್ಲ” ಎಂದರು. ಎಷ್ಟು ಸಲೀಸಾಗಿ ಅಂದುಬಿಟ್ಟರು, ಗುಬ್ಬಿ. ನಾನು ಎಂಥವಳೆಂದು ಅವರಷ್ಟು ಬಲ್ಲವರು ಇನ್ನೊಬ್ಬರಿಲ್ಲ. ಆ ತಿಳಿವಳಿಕೆಯನ್ನೇ ನನ್ನ ಕಣ್ಣಿಗೆ ಮಣ್ಣೆರಚಲು ಬಳಸಿದರು.

ಆ ವಾರವೇ ವರದಿಯಿಂದ ನನ್ನ ಹೆಸರು ತೆಗೆಯಿರಿ ಎಂದು ಬರೆದುಕೊಟ್ಟೆ. ಆ ಟೀಚರನ್ನು ಹುಡುಕಿಕೊಂಡು ಹೋಗಿ ಮಾತಾಡಿದೆ. ಅವರು ಗ್ರಂಥಾಲಯದ ಹಿಂದಿನ ಕೋಣೆಯನ್ನು ಕೊಡಿಸಿದರು. ಉದ್ದಕ್ಕೆ ಸೀಳಿದ ಕಂಬದ ನನ್ನ ಪಾಲಿನ ಅರ್ಧವನ್ನು ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಒಯ್ದೆ. ಉದ್ದನೆಯ ಮೇಜಿನ ಮೇಲಿಟ್ಟು, ಜನರನ್ನು ಮೇಲಿನಿಂದ ಕೆಳಗಿನವರೆಗೆ ನಡೆಸಿಕೊಂಡು ಬಂದೆ. ಆಚೆ ದಡದಲ್ಲಿ ಮನೆಗೆ ಹೆಸರು ಬರೆಸಿದ ಒಬ್ಬ ಡ್ರೈವರ್ ಬಿಳಿ ಪದರದ ಮೇಲೆ ಬಗ್ಗಿ, “ಇದನ್ನ ನಮಗೆ ಯಾಕೆ ಹೇಳ್ಲಿಲ್ಲ?” ಎಂದು ಕೇಳಿದರು. “ಅದನ್ನ ಕೇಳ್ಬೇಕಾದ್ದು ನೀವೇ” ಎಂದೆ. ಸಭೆ ನಡೆಸಿದ್ದ ಅಧಿಕಾರಿಯ ಬಳಿಗೇ ಹೋಗಿ ಕೇಳಿದರು. ಅವರ ಹಿಂದೆ ಇನ್ನೂ ಹಲವರು ಹೋದರು.

ಈಗ ಬೇರೆ ಸಂಸ್ಥೆಯವರು ಬಂದು ಹೊಸದಾಗಿ ಕಂಬ ತೆಗೆಯುತ್ತಾರಂತೆ. ಅಲ್ಲಿಯವರೆಗೆ ಪಾಯ ತೋಡುವ ಕೆಲಸ ನಿಂತಿದೆ. ಅನುಮತಿಯಿಲ್ಲದೆ ಮಾದರಿಯನ್ನು ಹೊರಗೆ ಒಯ್ದೆನೆಂದು ತಣ್ಣನೆಯ ಕೋಣೆಯ ಕೀಲಿಯನ್ನು ನನ್ನಿಂದ ತೆಗೆದುಕೊಂಡರು. ಮೇಲ್ಮಹಡಿಯಲ್ಲಿ, ಹಳೆಯ ಪ್ರಿಂಟರುಗಳ ಜೊತೆ ನನಗೊಂದು ಮೇಜು ಕೊಟ್ಟಿದ್ದಾರೆ. ನನಗೂ ಅವುಗಳಿಗೂ ವಯಸ್ಸು ಸರಿಹೋಗಿದೆ. ಊಟದ ಹೊತ್ತಿಗೆ ನಾನು ಕೂತರೆ ಉಳಿದವರಿಗೆ ಏನೋ ಅರ್ಜೆಂಟು ಕೆಲಸ ನೆನಪಾಗುತ್ತದೆ. ಮೇಷ್ಟ್ರು ಮಾತ್ರ ಎದುರಾದಾಗ ‘ಚೆನ್ನಾಗಿದ್ದೀಯಾ?’ ಎನ್ನುತ್ತಾರೆ. ನಿಜವಾಗಿಯೂ ಕೇಳುತ್ತಾರೆ, ಅದೇ ಕಷ್ಟ.

ಸೋತೆ ಅಂತ ಅಂದುಕೊಳ್ಳಬೇಡ. ಕೆಸರಿನ ಮಾತು ಜನರ ಕಿವಿಗೆ ಬಿತ್ತಲ್ಲ, ಅಷ್ಟಕ್ಕೆ ಸಮಾಧಾನ. ನೀನು ಹೊತ್ತುಹೊತ್ತಿಗೆ ಊಟ ಮಾಡು. ಇಡೀ ದಿನ ನಿಂತು ಕೆಲಸ ಮಾಡುವವಳು, ಒಳ್ಳೆಯ ಚಪ್ಪಲಿ ತಗೋ. ನಿನ್ನ ಕೈಹಿಡಿದು ಹೆಜ್ಜೆ ಇಟ್ಟವರೆಲ್ಲ ದೂರ ದೂರ ನಡೆಯಲಿ, ನೀನು ತಣ್ಣಗಿರು ಮಗಳೇ.

ನಿನ್ನ,
ಅಮ್ಮ

ಮತ್ತೆ: ಕವರು ಅಂಟಿಸುವ ಮೊದಲು ಇನ್ನೊಂದನ್ನು ಬರೆದುಬಿಡುತ್ತೇನೆ. ಸಭೆಯಲ್ಲಿ ಮೇಷ್ಟ್ರು ಹೇಳಿದ್ದನ್ನು ನಾನು ಪೂರ್ತಿ ಬರೆಯಲಿಲ್ಲ. “ಬೆಳಿಗ್ಗೆ ಚಹಾ ಕುಡೀವಾಗ ತೀರಿಹೋದ ಯಜಮಾನರ ಕುರ್ಚಿ ಕಡೆ ತಿರುಗಿ ಮಾತಾಡ್ತಾರಂತೆ. ಅವರ ಮಗಳೇ ನನಗೆ ಹೇಳಿದ್ದು” ಎಂದರು, ಮೈಕಿನಲ್ಲಿ. ಅದನ್ನು ನಾನು ಹೇಳಿದ್ದು ನಿನಗೊಬ್ಬಳಿಗೆ, ಅದೂ ನಗುತ್ತಾ. ನೀನು ಗಾಬರಿಯಾಗಿ, ಹಿರಿಯರೆಂದು ನಂಬಿ ಹೇಳಿರುತ್ತೀಯ. ಅವರು ಅದನ್ನು ಹೀಗೆ ಬಳಸುತ್ತಾರೆಂದು ನಿನಗೆ ಹೇಗೆ ಗೊತ್ತಾಗಬೇಕು? ಇಷ್ಟೆಲ್ಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಆದರೂ, ನನ್ನ ತಲೆ ಸರಿಯಿಲ್ಲವೆಂದು ನಿನಗೆ ಅನ್ನಿಸಿದ್ದರೆ ಮೊದಲು ನನ್ನನ್ನೇ ಕೇಳಬೇಕಿತ್ತು ಕಣೇ. ಆ ದಿನದಿಂದ ಅಡುಗೆಮನೆಯಲ್ಲಿ ನಿಂತೇ ಚಹಾ ಕುಡಿಯುತ್ತೇನೆ. ಕುರ್ಚಿಯ ಮುಂದೆ ಕೂತರೆ ಯಾರೋ ಕೇಳಿಸಿಕೊಳ್ಳುತ್ತಿದ್ದಾರೆ ಅನ್ನಿಸಿ ಮಾತೇ ಹೊರಡುವುದಿಲ್ಲ. ಕಂಬವನ್ನು ಜನರ ಮುಂದಿಟ್ಟ ವಿಷಯ ಅಪ್ಪನಿಗೆ ಇನ್ನೂ ಹೇಳಿಲ್ಲ.