ಎತ್ತಿ ಕುಡಿದ ಬಟ್ಟಲು

ಅಜ್ಜಿ, ನಾನು ಚೈತ್ರ, ಜಪಾನಿನಿಂದ. ನಮ್ಮ ದೊಡ್ಡಬಳ್ಳಾಪುರದ ಸೀರೆ ತೋರಿಸಲು ಬಂದವಳು ಪೇಚಿಗೆ ಸಿಕ್ಕಿಕೊಂಡಿದ್ದೇನೆ. ಬಟ್ಟಲುಗಳನ್ನು ಕೂಡಿಡುವ ಮುದುಕರೊಬ್ಬರು ನಿನ್ನೆ ಚಹಾಕ್ಕೆ ಕರೆದಿದ್ದರು. ಕೈಯಲ್ಲೇ ಮಾಡಿದ ಪಿಂಗಾಣಿ ಬಟ್ಟಲು, ಅಂಥದ್ದು ಇನ್ನೊಂದಿಲ್ಲವಂತೆ. ಬಂದವರೆಲ್ಲ ಅದೊಂದರಲ್ಲೇ ಸರದಿಯ ಮೇಲೆ ಕಚ್ಚಿ ಕುಡಿಯುತ್ತಾರೆ! “ಎಂಜಲು ಮಾಡ್ಬೇಡ ಕಣೇ, ಎತ್ತಿ ಕುಡಿ” ಅಂತ ನೀನು ಗದರಿದಂತಾಯಿತು. ಮೇಲೆತ್ತಿ, ತುಟಿ ಸೋಕಿಸದೆ ಗಂಟಲಿಗೆ ಸುರಿದುಕೊಂಡೆ. ಅರ್ಧ ಕುತ್ತಿಗೆಗೆ ಇಳಿಯಿತು. ಇದು ನಮ್ಮೂರ ಮರ್ಯಾದೆಯೆಂದು ತಿಳಿದ ಮುದುಕರು ತಾವೂ ಬಟ್ಟಲನ್ನು ತಲೆಯ ಮೇಲೆತ್ತಿದರು. ಆ ಕೈ ನಡುಗುವುದನ್ನು ಕಂಡು ನನಗೆ ಜೀವವೇ ಬಾಯಿಗೆ ಬಂತು. ಮುಂದಿನ ತಿಂಗಳು ಗೆಳೆಯರನ್ನೆಲ್ಲ ಸೇರಿಸುತ್ತಾರಂತೆ, ಅದೇ ಬಟ್ಟಲಿನಲ್ಲಿ ನಾನು ಎಲ್ಲರಿಗೂ ಕಲಿಸಬೇಕಂತೆ. ಗಂಟಲು ಸ್ವಲ್ಪ ಸುಟ್ಟಿದೆ, ಅಷ್ಟೇ. ಕಾರ್ಡಿನಲ್ಲಿ ಜಾಗವಿಲ್ಲ. ಮನೆದೇವರಿಗೆ ಒಂದು ಕಾಯಿ ಒಡೆಸು. ಇಲ್ಲಿ ಏನೂ ಒಡೆಯದಿರಲಿ.